ಮಣ್ಣು ಕೊಟ್ಟ ಕರುಳು

“ಅದೆಲ್ಲಾ ಮುಗೀತಲ್ರಿ ಮೇಡಮ್ಮಾರ. ಮಣ್ಣ ಮಾಡಿದ್ವಿ.”

ಫೋನಿನಲ್ಲಿ ಈ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಮೈಕ್ರೊಸ್ಕೋಪಿನ ಮುಂದೆ ಕೂತಿದ್ದವಳು, ಕೈಯಲ್ಲಿದ್ದ ಚಹಾದ ಕಪ್ಪನ್ನು ಎಲ್ಲಿಟ್ಟೆನೋ ನನಗೇ ಗೊತ್ತಾಗಲಿಲ್ಲ. ನಮ್ಮ ಕಡೆ ಮಣ್ಣು ಮಾಡುವುದು ಅಂದರೆ ಅದಕ್ಕೆ ಒಂದೇ ಅರ್ಥ, ಹೆಣ ಹೂಳುವುದು. ಶಲವಡಿಯ ಆ ಹುಡುಗ, ಹುಡುಗ ಅಂದರೆ ಮೂವತ್ತು ದಾಟಿದವನು, ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ಹೊಟ್ಟೆ ಆಪರೇಷನ್ ಆಗಿ ಹೊಲಿಗೆ ಬಿಚ್ಚುವುದರೊಳಗೆ ಹೋಗಿಬಿಟ್ಟನೇ? ಯಾವಾಗ ತೀರಿಕೊಂಡರು ಯಜಮಾನ್ರ ಅಂತ ಕೇಳಿದೆ.

“ಯಾರು?” ಅಂದರು ಆ ಕಡೆಯವರು.

“ನಿಮ್ಮ ಅಣ್ಣನ ಮಗ.”

“ಬಿಡ್ತು ಅನ್ರಿ. ಅಂವ ಇಲ್ಲೇ ಪಡಸಾಲ್ಯಾಗ ಕುಂತು ಗಂಜಿ ಕುಡ್ಯಾಕ ಹತ್ಯಾನ. ನಾವು ಮಣ್ಣ ಮಾಡಿದ್ದು ಅವನ ಕಳ್ಳು. ಆ ಡಬ್ಬ್ಯಾಗ ಕೊಟ್ಟಿದ್ರಲ್ರಿ, ಅದು.”

ಕಳ್ಳು ಅಂದರೆ ನಮ್ಮ ಕಡೆ ಕರುಳು. ಹುಡುಗ ಬದುಕಿದ್ದಾನೆ ಅಂತ ಒಂದು ಉಸಿರು ಬಿಟ್ಟೆ. ಆದರೆ ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ, ಈ ಮನುಷ್ಯ ಹೇಳಿದ್ದೇನು ಅನ್ನುವುದು ತಲೆಗೆ ಹತ್ತಿತು. ವಾರದಿಂದ ನಾನು ಹಾದಿ ಕಾಯುತ್ತಿದ್ದ ಕರುಳಿನ ತುಂಡನ್ನು ಇವರು ಹೊಲದಲ್ಲಿ ಹೂತಿದ್ದರು.

ನಾನು ಪೆಥಾಲಜಿ ಡಾಕ್ಟರು. ರೋಗಿಯ ಮುಖ ನೋಡುವುದು ಅಪರೂಪ, ಅವರ ಮೈಯಿಂದ ತೆಗೆದ ತುಂಡನ್ನು ನೋಡಿ ಇದು ಇಂಥ ರೋಗ ಅಂತ ಬರೆದುಕೊಡುವುದು ನನ್ನ ಕೆಲಸ. ಈ ಗಿರಣಿಯ ಹುಡುಗ ಒಂದು ವರ್ಷದಿಂದ ಬಿಳಿಚಿಕೊಂಡು ಓಡಾಡುತ್ತಿದ್ದನಂತೆ. ರಕ್ತ ಕಡಿಮೆ ಅಂತ ಟಾನಿಕ್ಕಿನ ಮೇಲೆ ಟಾನಿಕ್ಕು ಕುಡಿದಿದ್ದ. ಕೊನೆಗೆ ಒಂದು ದಿನ ಹೊಟ್ಟೆ ಉಬ್ಬಿ, ಗಾಳಿ ಸಹಿತ ಹೋಗದೆ, ಸಣ್ಣ ಆಸ್ಪತ್ರೆಯೊಂದರಲ್ಲಿ ತುರ್ತಾಗಿ ಕುಯ್ದು, ದೊಡ್ಡ ಕರುಳಿನ ಬಲಭಾಗ ತೆಗೆದಿದ್ದರು. ಸರ್ಜನ್ನರಿಗೆ ಕಂಡದ್ದು ಒಂದು ಗಟ್ಟಿ ಗಡ್ಡೆ. ಅದು ಕರುಳಿನ ಟಿಬಿಯೋ ಕ್ಯಾನ್ಸರೋ ಅಂತ ಅವರಿಗೆ ಖಾತ್ರಿ ಇರಲಿಲ್ಲ. ಆ ಜಾಗದಲ್ಲಿ, ಆ ವಯಸ್ಸಿನಲ್ಲಿ, ಎರಡೂ ಒಂದೇ ಥರ ಕಾಣುತ್ತವೆ. ಟಿಬಿಯ ಮದ್ದು ಬೇರೆ, ಕ್ಯಾನ್ಸರಿನ ಮದ್ದು ಬೇರೆ. ತುರ್ತಿನಲ್ಲಿ ಮೊದಲೇ ಚೂರು ತೆಗೆದು ಪರೀಕ್ಷೆ ಮಾಡಿಸುವುದಕ್ಕೂ ಆಗಿರಲಿಲ್ಲ. ಏನಿದ್ದರೂ ಆ ಡಬ್ಬಿಯಲ್ಲಿದ್ದದ್ದೇ ಗತಿ.

ಸಣ್ಣ ಊರುಗಳಲ್ಲಿ ತುಂಡನ್ನು ಫಾರ್ಮಲಿನ್ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಇದನ್ನ ಹುಬ್ಬಳ್ಳಿಗೆ ಮುಟ್ಟಿಸ್ರಿ ಅಂತ ಮನೆಯವರ ಕೈಗೇ ಕೊಡುವುದು ರೂಢಿ. ಬಸ್ಸಿನಲ್ಲಿ, ಕೈಚೀಲದಲ್ಲಿ, ಬುತ್ತಿ ಗಂಟಿನ ಜೋಡಿ ಎಷ್ಟೋ ಡಬ್ಬಿಗಳು ನನ್ನ ಮೇಜಿಗೆ ಬಂದಿವೆ. ಒಬ್ಬರು ವಾಸನೆ ಬರುತ್ತದೆ ಅಂತ ಫಾರ್ಮಲಿನ್ ಚೆಲ್ಲಿ ನೀರು ತುಂಬಿ ತಂದದ್ದೂ ಉಂಟು. ಆದರೆ ಮಣ್ಣು ಕೊಟ್ಟವರನ್ನು ನಾನು ನೋಡಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಫೋನಿನಲ್ಲಿ ಏನೇನು ಅಂದೆನೋ, ಪೂರ್ತಿ ನೆನಪಿಲ್ಲ. ಆ ಹಿರಿಯರು, ಹುಡುಗನ ಕಾಕಾ, ಮನೆಗೆ ದೊಡ್ಡವರು, ಎಲ್ಲ ಕೇಳಿಸಿಕೊಂಡು ಶಾಂತವಾಗಿ ಹೇಳಿದರು: ಲಿಂಗ ಕಟ್ಟಿದ ಮೈ, ಅದರ ಒಂದು ಭಾಗ ಕಸದಾಗ ಹೋಗಬಾರದು, ನಾಯಿ ಪಾಲಾಗಬಾರದು, ಅದಕ್ಕ ಅಯ್ಯನೋರ್ನ ಕರಿಸಿ ಪದ್ಧತಿ ಪ್ರಕಾರ ಮಾಡೇವಿ. ಹೇಳುವ ಧಾಟಿ ನೋಡಿದರೆ ನಾನೇ ಅವರಿಗೆ ಶಹಬ್ಬಾಸ್ ಅನ್ನಬೇಕು ಅನ್ನುವ ಹಾಗಿತ್ತು. ಸಿಟ್ಟು ನುಂಗಿಕೊಂಡು ನಾನು ಕೇಳಿದ್ದು ಒಂದೇ: ಡಬ್ಬಿ ಸಮೇತ ಹೂತಿರೋ, ತುಂಡನ್ನು ಹೊರಗೆ ತೆಗೆದು ಹೂತಿರೋ?

“ಡಬ್ಬಿ ಸಮೇತರಿ. ಆ ಘಾಟು ಕಣ್ಣಿಗೆ ಬಡೀತು, ಮತ್ತ ಮುಚ್ಚಿಬಿಟ್ವಿ.”

ಟೆಕ್ನೀಷಿಯನ್ನನಿಗೆ ಹೇಳಿ, ಒಂದು ಹೊಸ ಡಬ್ಬಿ ತುಂಬ ಫಾರ್ಮಲಿನ್, ಕೈಗವಸು, ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಗಾಡಿ ಹತ್ತಿದೆ. ಇಷ್ಟು ವರ್ಷದ ಕೆಲಸದಲ್ಲಿ ತುಂಡನ್ನು ಹುಡುಕಿಕೊಂಡು ನಾನೇ ಹೊರಟದ್ದು ಅದೇ ಮೊದಲು. ಅಣ್ಣಿಗೇರಿ ದಾಟುವವರೆಗೆ ತಲೆಯಲ್ಲಿ ಲೆಕ್ಕ ಹಾಕುತ್ತಲೇ ಇದ್ದೆ. ಮುಚ್ಚಳ ಬಿಗಿ ಇದ್ದರೆ ಏನೋ ಉಳಿದಿರಬಹುದು. ಸಡಿಲಾಗಿದ್ದರೆ ಎರಿಮಣ್ಣು ಹಸಿ ಹೀರುವ ರೀತಿಗೆ ಒಳಗಿನ ಫಾರ್ಮಲಿನ್ ಎಲ್ಲ ಇಂಗಿ, ಆ ಬಿಸಿಲಿಗೆ ಕರುಳು ಕೊಳೆತು ಹೋಗಿರುತ್ತದೆ.

ಶಲವಡಿಯ ಮನೆಯಲ್ಲಿ ಹುಡುಗ ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂತಿದ್ದ. ಹೊಟ್ಟೆಗೆ ಬೆಲ್ಟು. ಬಾಜೂ ಅವನ ಅಕ್ಕ, ಸಂಶಿ ಊರಿಗೆ ಮದುವೆ ಮಾಡಿ ಕೊಟ್ಟವಳು, ತಮ್ಮನ ಆರೈಕೆಗೆ ಬಂದಿದ್ದಳು. ಕಾಕಾ ಐವತ್ತರ ಆಸುಪಾಸಿನ ಎತ್ತರದ ಮನುಷ್ಯ, ತಲೆಗೆ ಬಿಳಿ ಟೊಪ್ಪಿಗೆ, ಮಾತು ಅಗದಿ ಗಟ್ಟಿ. ನೀರು ಕೊಟ್ಟರು, ಚಹಾ ಮಾಡಿಸಿದರು, ಹೊಲಕ್ಕೆ ಹೋಗೂಣು ಅಂತ ಮಾತ್ರ ಅನ್ನಲಿಲ್ಲ.

ಕೊಟ್ಟ ಮಣ್ಣನ್ನು ತಿರುಗಿ ಕೆದರುವುದು ನಮ್ಮ ಮನೆತನದಲ್ಲಿ ಇಲ್ಲ ಅಂದರು. ಅದೂ ಅಣ್ಣನ, ಅಂದರೆ ಹುಡುಗನ ಅಪ್ಪನ, ಸಮಾಧಿ ಬಾಜೂಕೇ ಮಾಡಿದ್ದು. ಕೆದರಿದರೆ ಅಣ್ಣನಿಗೂ ಮಗನಿಗೂ ನೆಮ್ಮದಿ ಇಲ್ಲ. ನಾನು ಟಿಬಿ ಅಂದೆ, ಕ್ಯಾನ್ಸರ್ ಅಂದೆ, ಮದ್ದು ಬೇರೆ ಬೇರೆ ಅಂದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಆಪರೇಷನ್ನಿನಲ್ಲಿ ಕೆಟ್ಟದ್ದನ್ನೆಲ್ಲ ತೆಗೆದಿದ್ದಾರಲ್ಲ, ಹೋದದ್ದನ್ನು ಏನು ನೋಡುತ್ತೀರಿ ಅನ್ನುವುದು ಅವರ ವಾದ. ಗೋಡೆಗೆ ಮಾತಾಡಿದ ಹಾಗಾಯಿತು ನನಗೆ.

ಆಗ ಅಕ್ಕ ಬಾಯಿ ಬಿಟ್ಟಳು. ಅಷ್ಟೊತ್ತು ತಮ್ಮನ ಕಾಲು ಒತ್ತುತ್ತಿದ್ದವಳು.

“ಕಾಕಾ, ಅಪ್ಪಗ ಏನಾಗಿತ್ತು?”

“ಹೊಟ್ಟಿಬ್ಯಾನಿ.”

“ಹೊಟ್ಟ್ಯಾಗ ಏನು? ಒಬ್ಬರು ಕಾಮಾಲಿ ಅಂದ್ರು, ಒಬ್ಬರು ಯಾರೋ ಮಾಟ ಮಾಡ್ಸ್ಯಾರ ಅಂದ್ರು. ನಲವತ್ತು ಮುಟ್ಟಲಿಲ್ಲ ಅಪ್ಪ. ಅಂವ ಹೆಂಗ ಸತ್ತ ಅಂತ ನನಗ ಇವತ್ತಿಗೂ ಗೊತ್ತಿಲ್ಲ. ತಮ್ಮಂದಾದ್ರೂ ಗೊತ್ತಾಗ್ಲಿ.”

ಕಾಕಾ, ಮಣ್ಣು ಕೊಟ್ಟಾಗೈತಲ್ಲವ್ವಾ ಅಂದರು.

“ಎಲ್ಲಿ ಕೊಟ್ಟಿ? ಡಬ್ಬಿಗೆ ಮಣ್ಣ ಕೊಟ್ಟಿ. ಕಳ್ಳು ಇನ್ನೂ ಡಬ್ಬ್ಯಾಗ ಐತಿ. ಮಣ್ಣ ಮೈಗೆ ತಾಕದ ಮಣ್ಣಾಗತೈತೇನು?”

ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರಲ್ಲಿ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಹೂಳುವ ಪದ್ಧತಿ ಇಲ್ಲ, ಮಣ್ಣು ಮೈಗೆ ತಾಕಬೇಕು, ವಿಭೂತಿ ತಾಕಬೇಕು. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟದ್ದಕ್ಕೆ ಏನು ಹೆಸರು ಅಂತ ಅವರೂ ಯೋಚಿಸುತ್ತಿದ್ದರೋ ಏನೋ. ನನ್ನ ವೈದ್ಯಕೀಯ ಎಲ್ಲ ಹೇಳಿ ಆಗದ್ದು ಆ ಹೆಣ್ಣುಮಗಳ ಒಂದು ಮಾತಿಗೆ ಆಯಿತು. ಸಲಿಕೆ ತಗೊಂಡ ಬಾ ಅಂತ ಅವಳಿಗೇ ಹೇಳಿ ಎದ್ದರು.

ಹೊಲ ಊರಿಗೆ ಹತ್ತಿರವೇ ಇತ್ತು. ಅಣ್ಣನ ಸಮಾಧಿಯ ಎಡಕ್ಕೆ ಒಂದು ಸಣ್ಣ ಗುಡ್ಡೆ, ಮೇಲೆ ಒಣಗಿದ ಹೂವು. ಆಳಿನ ಕೈಲಿ ಅಗೆಸಲು ಕಾಕಾ ಒಪ್ಪಲಿಲ್ಲ. ತಾವೇ ನಿಂತರು. ನಾಲ್ಕು ಸಲ ಸಲಿಕೆ ಹಾಕುವುದರೊಳಗೆ ಏದುಸಿರು ಬಂತು, ಬದುವಿನ ಮೇಲೆ ಕೂತರು, ಮತ್ತೆ ಎದ್ದರು, ಮತ್ತೆ ಕೂತರು. ತುಟಿ ಬೆಳ್ಳಗಾಗಿತ್ತು. ಬಿಸಿಲಿಗೆ ಬರಬಾರದಿತ್ತು ಯಜಮಾನ್ರ ಅಂತ ನೀರು ಕೊಟ್ಟೆ. ಉಳಿದದ್ದನ್ನು ಅಕ್ಕ ಸೆರಗು ಕಟ್ಟಿ ಅಗೆದಳು.

ಬಿಳಿ ಅರಿವೆಯಲ್ಲಿ ಸುತ್ತಿದ ಡಬ್ಬಿ ಹೊರಗೆ ಬಂತು. ಅರಿವೆಯ ಮೇಲೆ ಮೂರು ಬೆರಳಿನ ವಿಭೂತಿ. ಮುಚ್ಚಳ ಬಿಗಿಯಾಗಿಯೇ ಇತ್ತು. ಬಿಚ್ಚಿದೆ. ಘಾಟು ಕಣ್ಣಿಗೆ ಹೊಡೆಯಿತು, ಆ ಘಾಟನ್ನು ನಾನು ಜನ್ಮದಲ್ಲಿ ಅಷ್ಟು ಖುಷಿಯಿಂದ ಮೂಸಿರಲಿಕ್ಕಿಲ್ಲ. ಆದರೆ ಒಳಗಿನ ನೀರು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು, ಮೇಲೆ ಕಂದಿದ ಬಿಲ್ವಪತ್ರಿ ತೇಲುತ್ತಿತ್ತು. ಮುಚ್ಚುವ ಮೊದಲು ಒಳಗೂ ವಿಭೂತಿ ಹಾಕಿದ್ದರು.

ಅಕ್ಕ ನನ್ನ ಗಾಡಿಯಲ್ಲೇ ಹುಬ್ಬಳ್ಳಿವರೆಗೆ ಬಂದಳು, ಅಲ್ಲಿಂದ ಸಂಶಿಗೆ ಬಸ್ಸು ಹಿಡಿಯುವುದಿತ್ತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು, ನಮ್ಮಪ್ಪಗ ಇದ, ತಮ್ಮಗ ಇದ ಅಂದ್ರ ನನಗೂ ಐತೇನ್ರಿ ಅಂತ. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದರು ಅವಳಿಗೆ. ಮೊದಲು ಇದು ಏನು ಅಂತ ನೋಡೋಣ ತಂಗಿ, ಬರೇ ಟಿಬಿ ಇದ್ದರೂ ಇರಬಹುದು ಅಂದೆ. ಅವಳು ಹೂಂ ಅಂದು ಡಬ್ಬಿ ಹಿಡಿದುಕೊಂಡು ಹೊರಗೆ ನೋಡುತ್ತಾ ಕೂತಳು.

ಲ್ಯಾಬಿನಲ್ಲಿ ತುಂಡನ್ನು ಬೋರ್ಡಿನ ಮೇಲೆ ಹರವಿದಾಗ ಎರಡನೆಯ ಪೆಟ್ಟು. ಕರುಳನ್ನು ಉದ್ದಕ್ಕೆ ಸೀಳಿ ಫಾರ್ಮಲಿನ್ನಿಗೆ ಹಾಕಬೇಕು, ಇಲ್ಲದಿದ್ದರೆ ಅದು ಹೊರಗಿನಿಂದ ಒಳಗೆ ಇಳಿಯುವುದರೊಳಗೆ ಒಳಭಾಗ ಕೆಡುತ್ತದೆ. ಇದನ್ನು ಹಾಗೇ ಇಡಿಯಾಗಿ ಹಾಕಿದ್ದರು. ಕತ್ತರಿ ಆಡಿಸಿದರೆ ಒಳಪದರ ಕುದಿಸಿದ ಅಂಬಲಿಯಂತೆ ಕೈಗೆ ಹತ್ತಿತು. ಗಡ್ಡೆ ಗಟ್ಟಿಯಿದ್ದದ್ದರಿಂದ ಒಂದಿಷ್ಟು ಉಳಿದಿತ್ತು. ಗಡ್ಡೆಯಿಂದ ಚೂರುಗಳನ್ನೂ, ಕೊಬ್ಬಿನಲ್ಲಿ ಬೆರಳಾಡಿಸಿ ಹುಡುಕಿದ ಸಣ್ಣ ಗ್ರಂಥಿಗಳನ್ನೂ ತೆಗೆದು ಮೇಣದ ಬಿಲ್ಲೆಗಳಲ್ಲಿ ಕೂಡಿಸಲು ಕೊಟ್ಟೆ. ಡಬ್ಬಿಯ ತಳದ ಬೂದಿ ನೋಡಿ ನಮ್ಮ ಟೆಕ್ನೀಷಿಯನ್ ನಕ್ಕ. ಹಳೆಯ ಕಾಲದಲ್ಲಿ ಫಾರ್ಮಲಿನ್ ಹುಳಿಯಾಗಬಾರದು ಅಂತ ಲ್ಯಾಬಿನವರು ಅದರೊಳಗೆ ಸುಣ್ಣದಕಲ್ಲು ಹಾಕುತ್ತಿದ್ದರಂತೆ, ಅಯ್ಯನೋರೂ ಅದನ್ನೇ ಮಾಡ್ಯಾರ ಬಿಡ್ರಿ ಅಂದ. ನನಗೆ ನಗು ಬರುವ ಸ್ಥಿತಿ ಇರಲಿಲ್ಲ.

ಸ್ಲೈಡು ಬಂದಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ. ಕ್ಯಾನ್ಸರು. ಲೋಳೆಯ ಮಡುವಿನಲ್ಲಿ ತೇಲುವ ಕೆಟ್ಟ ಜೀವಕೋಶಗಳು, ಅವುಗಳ ಸುತ್ತ ಸಂತೆಯಲ್ಲಿ ಕೂಡಿದ ಹಾಗೆ ಬಿಳಿರಕ್ತಕಣಗಳು. ಒಂದೇ ಸಮಾಧಾನ ಅಂದರೆ ಗ್ರಂಥಿಗಳಿಗೆ ಹಬ್ಬಿರಲಿಲ್ಲ. ಆದರೆ ನನ್ನನ್ನು ನಿಲ್ಲಿಸಿದ್ದು ಆ ಬಿಳಿರಕ್ತಕಣಗಳ ಗುಂಪು. ಸಣ್ಣ ವಯಸ್ಸು, ಕರುಳಿನ ಬಲಭಾಗ, ಲೋಳೆ, ಈ ಗುಂಪು, ಮೇಲೆ ನಲವತ್ತರೊಳಗೆ ಸತ್ತ ತಂದೆ. ಇವಿಷ್ಟೂ ಒಂದೇ ಕಡೆ ಬಂದರೆ ನಾವು ನಾಲ್ಕು ಪ್ರೋಟೀನುಗಳನ್ನು ಹುಡುಕುತ್ತೇವೆ.

ಜೀವಕೋಶ ಒಡೆದು ಎರಡಾಗುವಾಗ ಒಳಗಿನ ಬರಹವೆಲ್ಲ ನಕಲಾಗುತ್ತದೆ. ನಕಲಿನಲ್ಲಿ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪನ್ನು ಹಿಡಿದು ತಿದ್ದುವುದು ಈ ನಾಲ್ಕು ಪ್ರೋಟೀನುಗಳ ಕೆಲಸ. ಎಂಎಲ್‌ಎಚ್-ಒಂದು, ಪಿಎಂಎಸ್-ಎರಡು ಒಂದು ಜೋಡಿ. ಎಂಎಸ್‌ಎಚ್-ಎರಡು, ಎಂಎಸ್‌ಎಚ್-ಆರು ಇನ್ನೊಂದು ಜೋಡಿ. ಗಡ್ಡೆಯಲ್ಲಿ ಒಂದು ಜೋಡಿ ಕಾಣೆಯಾಗಿದ್ದರೆ ತಪ್ಪಿನ ಮೇಲೆ ತಪ್ಪು ಕೂಡುತ್ತಾ ಹೋಗಿ, ಬೇರೆಯವರಲ್ಲಿ ಒಂದು ಸಣ್ಣ ಮೊಳಕೆ ಕ್ಯಾನ್ಸರಾಗಲು ಎಷ್ಟೋ ವರ್ಷ ಹಿಡಿದರೆ ಇವರಲ್ಲಿ ಬೇಗ ಆಗಿಬಿಡುತ್ತದೆ. ಎರಡನೆಯ ಜೋಡಿ ಕಾಣೆಯಾಗಿದ್ದರಂತೂ ಅದು ಹೆಚ್ಚಾಗಿ ಹುಟ್ಟಿನಿಂದಲೇ ಬಂದದ್ದು. ಅಂದರೆ ಮನೆಯಲ್ಲಿ ಇನ್ನೂ ಯಾರಲ್ಲಿ ಇದೆಯೋ ಗೊತ್ತಿಲ್ಲ.

ನಾಲ್ಕಕ್ಕೂ ಬಣ್ಣ ಹಾಕಿಸಿದೆ. ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಏಳುತ್ತದೆ, ಇಲ್ಲದಿದ್ದರೆ ಬರೀ ನೀಲಿ. ಸ್ಲೈಡುಗಳನ್ನು ಒಂದರ ಹಿಂದೆ ಒಂದು ಇಟ್ಟು ನೋಡಿದೆ. ನಾಲ್ಕೂ ನೀಲಿ. ನಾಲ್ಕೂ ಪ್ರೋಟೀನುಗಳು ಒಟ್ಟಿಗೆ ಮಾಯವಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆಮೇಲೆ ಗಡ್ಡೆಯನ್ನು ಬಿಟ್ಟು ಅದರ ಸುತ್ತಲಿನ ಬಿಳಿರಕ್ತಕಣಗಳನ್ನು ನೋಡಿದೆ. ಅವು ಆರೋಗ್ಯವಂತ ಕಣಗಳು, ಅವು ಕಂದಾಗಲೇಬೇಕು. ಅವೂ ನೀಲಿ ಇದ್ದವು. ಅಂದರೆ ಪ್ರೋಟೀನು ಇದೆಯೋ ಇಲ್ಲವೋ ಅಂತ ಹೇಳುವ ಯೋಗ್ಯತೆಯೇ ಈ ತುಂಡಿಗೆ ಉಳಿದಿರಲಿಲ್ಲ. ಒಳಭಾಗ ಕೆಟ್ಟದ್ದು ಬಣ್ಣವನ್ನೂ ಕೆಡಿಸಿತ್ತು.

ಸರ್ಜನ್ನರಿಗೆ ಫೋನು ಮಾಡಿದೆ. ಅವರು ತಪ್ಪೇನೂ ಹೇಳಲಿಲ್ಲ. ಕ್ಯಾನ್ಸರ್ ಅಂತ ಖಾತ್ರಿ ಆಯ್ತಲ್ಲ ಮೇಡಂ, ಗ್ರಂಥಿಗೆ ಹಬ್ಬಿಲ್ಲ ಅಂತಲೂ ಆಯ್ತು, ಅಷ್ಟು ಬರೆದು ಕಳಿಸಿ, ಬಣ್ಣದ ಪರೀಕ್ಷೆ ಆಗಲಿಲ್ಲ ಅಂತ ಒಂದು ಸಾಲು ಸೇರಿಸಿ ಅಂದರು. ಹಾಗೆ ಬರೆದಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಪೆನ್ನೂ ತೆಗೆದೆ. ಆದರೆ ನನಗೂ ಐತೇನ್ರಿ ಅಂದ ಹೆಣ್ಣುಮಗಳ ದನಿ ಕಿವಿಯಲ್ಲಿ ಕೂತಿತ್ತು. ಆ ಒಂದು ಸಾಲಿನಿಂದ ಅವಳಿಗೆ ಉತ್ತರ ಸಿಗುತ್ತಿರಲಿಲ್ಲ.

ಪೆನ್ನು ಇಟ್ಟು ಡಬ್ಬಿಯಲ್ಲಿ ಉಳಿದಿದ್ದ ತುಂಡನ್ನು ಮತ್ತೆ ಹೊರಗೆ ತೆಗೆದೆ. ಈ ಸಲ ಒಳಭಾಗ ಬಿಟ್ಟು ಹೊರಗಿನಿಂದ ನೋಡಿದೆ. ಗಡ್ಡೆ ಕರುಳಿನ ಗೋಡೆಯನ್ನು ಕೊರೆದುಕೊಂಡು ಹೊರಮೈಯ ಹತ್ತಿರ ಬಂದ ಜಾಗವೊಂದಿತ್ತು. ಫಾರ್ಮಲಿನ್ ಮೊದಲು ಮುಟ್ಟುವುದು ಅಲ್ಲಿಗೇ. ರೋಗದ ಲೆಕ್ಕದಲ್ಲಿ ಅದು ಕೆಟ್ಟ ಜಾಗ, ಎಷ್ಟು ಆಳಕ್ಕೆ ಇಳಿದಿದೆ ಅಂತ ಅಲ್ಲಿಂದಲೇ ಅಳೆಯುತ್ತೇವೆ. ನನಗೆ ಮಾತ್ರ ಆವತ್ತು ಅದೇ ಬೇಕಿತ್ತು. ಅಲ್ಲಿಂದ ತೆಳ್ಳಗೆ ಹೊಸ ಚೂರು ತೆಗೆದೆ. ಬಣ್ಣ ಹಾಕುವ ಮೊದಲು ಸ್ಲೈಡನ್ನು ಬಿಸಿ ದ್ರಾವಣದಲ್ಲಿ ಕುದಿಸುತ್ತೇವೆ, ಫಾರ್ಮಲಿನ್ ಗಂಟು ಹಾಕಿ ಮುಚ್ಚಿಟ್ಟ ಪ್ರೋಟೀನು ಬಿಚ್ಚಿಕೊಳ್ಳಲಿ ಅಂತ. ಆ ಕುದಿಸುವ ಹೊತ್ತನ್ನು ಹೆಚ್ಚಿಸಲು ಹೇಳಿದೆ. ಹೆಚ್ಚಾದರೆ ಚೂರು ಗಾಜಿನಿಂದ ಎದ್ದು ಹೋಗುತ್ತದೆ. ಮೊದಲನೆಯ ಸಲ ಎದ್ದೇ ಹೋಯಿತು. ಟೆಕ್ನೀಷಿಯನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇನ್ನೊಮ್ಮೆ ಕೊಯ್ಯಿ ಅಂದೆ.

ಎರಡನೆಯ ಸಲ ನಿಂತಿತು. ಸುತ್ತಲಿನ ಬಿಳಿರಕ್ತಕಣಗಳು ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಮೊದಲ ಜೋಡಿಯಲ್ಲಿ ಗಡ್ಡೆಯೂ ಕಂದು. ಎರಡನೆಯ ಜೋಡಿಯಲ್ಲಿ ಸುತ್ತಲಿನದೆಲ್ಲ ಕಂದಾಗಿ, ಗಡ್ಡೆ ಮಾತ್ರ ಸ್ವಚ್ಛ ನೀಲಿ. ಎಂಎಸ್‌ಎಚ್-ಎರಡು ಇಲ್ಲ. ಎಂಎಸ್‌ಎಚ್-ಆರು ಇಲ್ಲ. ಸಿಕ್ಕಿತು ಅನ್ನುವ ಖುಷಿ ಒಂದು ಕ್ಷಣ. ಮರುಕ್ಷಣ ಸಂಶಿಯ ಆ ಮನೆ, ನಾನು ನೋಡಿಯೇ ಇಲ್ಲದ ಮನೆ, ಕಣ್ಣಿಗೆ ಕಟ್ಟಿತು.

ವರದಿ ಸರ್ಜನ್ನರಿಗೆ ಹೋಯಿತು, ಹುಡುಗನ ಚಿಕಿತ್ಸೆ ಅದರ ಪ್ರಕಾರ ನಿರ್ಧಾರವಾಯಿತು, ಖಾತ್ರಿಗೆ ಅವನ ರಕ್ತವೂ ವಂಶವಾಹಿಯ ದೊಡ್ಡ ಪರೀಕ್ಷೆಗೆ ಹೋಯಿತು. ಸರ್ಜನ್ನರ ಒಪ್ಪಿಗೆ ಕೇಳಿ ಕಾಕಾ ಅವರಿಗೆ ನಾನೇ ಫೋನಿನಲ್ಲಿ ಹೇಳಿದೆ: ಗಡ್ಡೆಯಲ್ಲಿ ಎರಡು ಪ್ರೋಟೀನು ಇಲ್ಲ, ಇದು ಮನೆತನದಲ್ಲಿ ಬರುವಂಥದ್ದು, ಆ ಅಕ್ಕನೂ ಉಳಿದವರೂ ಬಂದು ದುರ್ಬೀನು ಹಾಕಿ ಕರುಳು ನೋಡಿಸಿಕೊಳ್ಳಬೇಕು. ಕಾಕಾ, ಹೌದ್ರಿ, ಆತ್ರಿ, ಮಾಡೂಣ್ರಿ ಅಂದರು. ನನಗೆ ನಿರಾಳವಾಯಿತು.

ಒಂದು ತಿಂಗಳಾದರೂ ಯಾರೂ ಬರಲಿಲ್ಲ. ಮತ್ತೆ ಫೋನು ಹಚ್ಚಿದೆ.

“ಎಲ್ಲಾ ಬರೋಬ್ಬರಿ ನಡದೈತ್ರಿ,” ಅಂದರು ಕಾಕಾ. “ಪ್ರೋಟೀನ್ ಪುಡಿ ತಂದೇನಿ, ದೊಡ್ಡ ಡಬ್ಬಿ. ಅಂವಗೊಂದು, ಸಂಶಿಗೊಂದು. ಮ್ಯಾಲ ಹೆಸರಕಾಳು, ಶೇಂಗಾ. ಮುಖದ ಮ್ಯಾಲ ಕಳೆ ಬಂದೈತಿ ಇಬ್ಬರಿಗೂ.”

ಪ್ರೋಟೀನು ಇಲ್ಲ ಅಂದದ್ದು ನಾನೇ. ಇಲ್ಲದ್ದನ್ನು ತಂದು ತುಂಬಿದ್ದರು ಅವರು, ಅದರಲ್ಲಿ ಅವರದೇನು ತಪ್ಪು? ಆ ಪುಡಿ ನೆಚ್ಚಿಕೊಂಡು ಆ ಹೆಣ್ಣುಮಗಳು ಸಂಶಿಯಲ್ಲಿ ಆರಾಮ ಕೂತಿದ್ದಾಳೆ. ಒಳಗೆ ಏನು ಬೆಳೆಯುತ್ತಿದೆಯೋ ಯಾರಿಗೆ ಗೊತ್ತು? ಫೋನಿನಲ್ಲಿ ಇನ್ನು ಒಂದಕ್ಷರ ಹೇಳುವುದಿಲ್ಲ ಅಂತ ತೀರ್ಮಾನಿಸಿದೆ. ಅಕ್ಕನನ್ನು ಕರೆಸಿರಿ, ಭಾನುವಾರ ನಾನೇ ಬರುತ್ತೇನೆ ಅಂದೆ.

ಭಾನುವಾರ ಗಿರಣಿಯಲ್ಲೇ ಕೂತೆವು. ಹುಡುಗ ಆಗಲೇ ಹಗುರ ಕೆಲಸಕ್ಕೆ ಮರಳಿದ್ದ. ಜೋಳದ ಡಬ್ಬಿಗಳ ಸಾಲು, ಗೋಡೆಗೆಲ್ಲ ಹಿಟ್ಟಿನ ಧೂಳು. ಜೀವಕೋಶ, ನಕಲು ಅಂತ ಶುರುಮಾಡಿದೆ. ಮೂವರ ಮುಖವೂ ಖಾಲಿ. ಅಷ್ಟರಲ್ಲಿ ಒಬ್ಬ ಮುದುಕಿ ಜೋಳ ತಂದಳು. ಹುಡುಗ ಅದರಲ್ಲಿ ಕೈಯಾಡಿಸಿ, ಒಂದೆರಡು ಹರಳು ಹೆಕ್ಕಿ ತೋರಿಸಿ, ಆಯೀ ಹಸನ ಮಾಡಿಲ್ಲೇನ, ಹಳ್ಳು ಅದಾವು, ಬೀಸೂ ಕಲ್ಲು ಕೆಡತೈತಿ ಅಂತ ತಿರುಗಿ ಕಳಿಸಿದ.

ಹೊಳೆಯಿತು ನನಗೆ. ಇದೇ ನೋಡಪ್ಪಾ ಅಂದೆ. ನಿನ್ನ ಮೈಯಲ್ಲೂ ದಿನಾ ಬೀಸುವುದು ನಡೆದೇ ಇರುತ್ತದೆ. ಬೀಸುವ ಮೊದಲು ಹಳ್ಳು ಆರಿಸಿ ಹಸನು ಮಾಡುವವರು ಇಬ್ಬರಿರಬೇಕು. ನಿಮ್ಮ ಮನೆತನದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಆ ಇಬ್ಬರ ಬಲ ಅರ್ಧ. ಕರುಳಿನಲ್ಲಿ ಎಲ್ಲೋ ಒಂದು ಕಡೆ ಉಳಿದರ್ಧವೂ ಹೋದರೆ, ಅಲ್ಲಿ ಹಳ್ಳು ಹಿಟ್ಟಿಗೆ ಬೀಳುತ್ತದೆ, ಗಡ್ಡೆ ಏಳುತ್ತದೆ. ಪುಡಿ ತಿಂದರೆ ಜೋಳ ಹೆಚ್ಚಾಗುತ್ತದೆಯೇ ಹೊರತು ಹಸನು ಮಾಡುವವರು ಬರುವುದಿಲ್ಲ.

ಹುಡುಗ ಕೈಯಲ್ಲಿದ್ದ ಜೋಳವನ್ನೇ ನೋಡುತ್ತಾ ಇದ್ದ. ಅಪ್ಪಗೂ ಇದ ಆಗಿತ್ತೇನ್ರಿ ಅಂದ. ಇರಬಹುದು ಅಂದೆ.

ಕಾಕಾ ಇಷ್ಟೊತ್ತು ಚೀಲದ ಮೇಲೆ ಕೂತು ಕೇಳುತ್ತಿದ್ದವರು ನಿಧಾನಕ್ಕೆ, “ಅಂದ್ರ ಇದು ಕಳ್ಳುಬಳ್ಳಿಗುಂಟ ಬರೂದು,” ಅಂದರು.

ಕಳ್ಳುಬಳ್ಳಿ. ರಕ್ತಸಂಬಂಧಕ್ಕೆ ನಮ್ಮ ಕಡೆಯ ಮಾತು. ಹುಟ್ಟಿದಾಗಿನಿಂದ ಕೇಳಿದ ಶಬ್ದ, ಇದೇ ರೋಗದ ಮೇಲೆ ಇಷ್ಟು ವರ್ಷ ಕೂತು ವರದಿ ಬರೆದವಳು ನಾನು, ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ. ಹೌದ್ರಿ ಯಜಮಾನ್ರ, ಅದೇ ಅಂದೆ.

ಕಾಕಾ ಬೆರಳು ಮಡಚಲು ಶುರುಮಾಡಿದರು. ಅಣ್ಣ ಹೋದ. ನಮ್ಮಕ್ಕ ಒಬ್ಬಾಕಿ ಇದ್ಲು, ಗರ್ಭಕೋಶದಾಗ ಗಡ್ಡಿ ಆಗಿ ಹೋದ್ಲು. ಅದೂ ಇದೇ ಬಳ್ಳಿಯದು ಅಂತ ನಾನು ಹೇಳುವ ಮೊದಲೇ ಅವರಿಗೆ ಗೊತ್ತಾದ ಹಾಗಿತ್ತು. ಆಮೇಲೆ ಅಣ್ಣನ ಮಗ. ಇನ್ನ ಈಕಿ. ಈಕಿ ಮಕ್ಕಳು ದೊಡ್ಡವಾದ ಮ್ಯಾಲ ಅವರೂ. ನಾಳೇನ ಕರ್ಕೊಂಡ ಬರ್ತೇನ್ರಿ ಅಂತ ಕೈ ಕೊಡವಿ ಎದ್ದರು.

“ಕಾಕಾ,” ಅಂದಳು ಅಕ್ಕ. “ನಿನ್ನ ಬಿಟ್ಟಿ.”

ಕಾಕಾ ನಕ್ಕರು. ನನಗೇನ ಧಾಡಿ ಆಗೈತಿ, ಕಲ್ಲ ತಿಂದು ಕರಗಿಸ್ತೇನಿ ಅಂದರು. ಅಷ್ಟು ಅಂದು ಗೋಡೆಗೆ ಕೈ ಊರಿದರು. ನನ್ನ ಕಣ್ಣು ಆ ಕೈಯ ಮೇಲೆ ಬಿತ್ತು. ಉಗುರುಗಳು ಕಾಗದದ ಹಾಗೆ ಬೆಳ್ಳಗಿದ್ದವು. ಹಿಟ್ಟು ಮೆತ್ತಿರಬೇಕು ಅಂದುಕೊಂಡೆ. ಹಿಟ್ಟಲ್ಲ. ಹೊಲದ ಬದುವಿನ ಮೇಲೆ ಏದುಸಿರು ಬಿಡುತ್ತಾ ಕೂತ ಮನುಷ್ಯ ಕಣ್ಣ ಮುಂದೆ ಬಂದ. ಬಿಸಿಲು ಅಂದಿದ್ದೆ ನಾನು. ಎಡಗೈಯಿಂದ ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕೆಂಪೇ ಇರಲಿಲ್ಲ. ಯಾವಾಗಿನಿಂದ ಹೀಗೆ ಸುಸ್ತು ಅಂತ ಕೇಳಿದರೆ, ಸುಗ್ಗಿಯಿಂದರಿ, ವಯಸ್ಸಾತಲ್ರಿ ಅಂದರು. ಅಕ್ಕ ತಂದೆಯ ಜಾಗದಲ್ಲಿ ಕಂಡ ಆ ಮನುಷ್ಯನನ್ನು ನೋಡುತ್ತಾ ನಿಂತಳು, ಬಾಯಿಗೆ ಸೆರಗು ಒತ್ತಿಕೊಂಡು.

ದುರ್ಬೀನು ಹಾಕಿ ನೋಡಿದಾಗ ಅಕ್ಕನ ಕರುಳು ಸ್ವಚ್ಛ ಇತ್ತು. ತಮ್ಮನ ರಕ್ತದಲ್ಲಿ ಸಿಕ್ಕ ದೋಷ ಅವಳ ರಕ್ತದಲ್ಲಿ ಇರಲಿಲ್ಲ, ಅಲ್ಲಿಗೆ ಅವಳ ಮಕ್ಕಳೂ ಪಾರು. ವರದಿ ಓದಿ ಹೇಳಿದಾಗ ಅವಳು ಒಂದು ಚೂರೂ ನಗಲಿಲ್ಲ, ಕಾಕಾಂದ ಏನಾತ್ರಿ ಅಂದಳು. ಕಾಕಾ ಅವರ ಕರುಳಿನಲ್ಲಿ, ಬಲಕ್ಕೆ, ಅಣ್ಣನ ಮಗನಿಗೆ ಎಲ್ಲಿತ್ತೋ ಅಲ್ಲೇ, ಗಡ್ಡೆ ಕೂತಿತ್ತು.

ಅವರ ಆಪರೇಷನ್ ಆದ ದಿನ ಮಧ್ಯಾಹ್ನ ನಾನು ಊಟಕ್ಕೆ ಎದ್ದಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅದೇ ಆಸ್ಪತ್ರೆಯ ಅಂಥದೇ ಡಬ್ಬಿ, ಬಿಳಿ ಅರಿವೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದಳು. ಮೇಜಿನ ಮೇಲೆ ಇಟ್ಟಳು. ನೀವು ಹೇಳಿದ್ದ ಹಾಗೆ ಕರುಳನ್ನು ಉದ್ದಕ್ಕೆ ಸೀಳಿಸಿಯೇ ಹಾಕಿಸಿದ್ದೇನೆ, ಅಲ್ಲೇ ನಿಂತು ಹೇಳಿಸಿದೆ ಅಂದಳು. ಅರಿವೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು.

“ಕಾಕಾ ಹೇಳ್ಯಾನ್ರಿ,” ಅಂದಳು. “ಮೊದಲ ನಿಮಗ. ನಿಮ್ಮದು ಮುಗಿದ ಮ್ಯಾಲ ಉಳಿದಿದ್ದು ಹೊಳ್ಳಿ ಕೊಡಬೇಕಂತ. ಡಬ್ಬಿ ಬಿಟ್ಟು ಮಣ್ಣ ಕೊಡೂದೈತಿ.”

ನಾನು ಗಂಟು ಬಿಚ್ಚಿದೆ. ಊಟ ಆಮೇಲೆ ಮಾಡಿದರಾಯಿತು ಅಂತ ಟೆಕ್ನೀಷಿಯನ್ನನಿಗೆ ಹೇಳಿ, ಕೈಗವಸು ಹಾಕಿಕೊಂಡೆ.